‘ತಮಾಷೆಗೆ ಅಂದಿದ್ದು’: ಮೈಕಟ್ಟಿನ ಅಡ್ಡಹೆಸರು ತರಗತಿಯಲ್ಲಿ ಬೇರುಬಿಟ್ಟರೆ ಏನು ಮಾಡಬೇಕು?

ಹಾಜರಿಪುಸ್ತಕ ಕೇಳಿದ್ದು:

12ರಿಂದ 14 ವರ್ಷದ ಮಕ್ಕಳ ತರಗತಿ. ಒಬ್ಬ ಹುಡುಗನಿಗೆ ‘ಡುಮ್ಮ’ ಅನ್ನೋದೇ ಹೆಸರಾಗಿಬಿಟ್ಟಿದೆ. ಹಾಜರಿ ಕೂಗುವಾಗ ಅವನ ಸರದಿ ಬಂದ ಕೂಡಲೇ ಹಿಂದಿನ ಬೆಂಚಿನಿಂದ ಆ ಹೆಸರು ತೇಲಿ ಬರುತ್ತೆ. ಎಲ್ಲರೂ ನಗ್ತಾರೆ, ಅವನೂ ನಗ್ತಾನೆ. ಕೇಳಿದರೆ ‘ಸುಮ್ನೆ ತಮಾಷೆಗೆ, ಅವನಿಗೇ ಬೇಜಾರಿಲ್ಲ’ ಅನ್ನೋ ಉತ್ತರ. ಒಮ್ಮೆ ಇಬ್ಬರನ್ನೂ ನಿಲ್ಲಿಸಿ ಕೈ ಕುಲುಕಿಸಿ ಸಾರಿ ಹೇಳಿಸಿದ್ದಾಯ್ತು. ಆಮೇಲೆ ಹೆಚ್ಚಾಯಿತೇ ಹೊರತು ಕಡಿಮೆ ಆಗಲಿಲ್ಲ. ಮನೆಯವರ ಅಭಿಪ್ರಾಯ: ‘ನಾಲ್ಕು ಜನ ಅಂದ್ರಾದ್ರೂ ತೂಕ ಇಳಿಸ್ತಾನೆ ಬಿಡಿ.’

ನನಗೆ ಬೇಕಿರೋದು ಇಷ್ಟು. ಅವನೇ ನಗುವಾಗ ಇದನ್ನ ಕಿರುಕುಳ ಅನ್ನಬಹುದಾ? ಅಂದರೆ ತೂಕ ಇಳೀತಾನೆ ಅನ್ನೋದರಲ್ಲಿ ಹುರುಳಿದೆಯಾ? ಆ ಕ್ಷಣದಲ್ಲಿ ದೊಡ್ಡವರು ಆಡಬೇಕಾದ ಮಾತು ಯಾವುದು? ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಅವನ ಫೋಟೋದ ಸ್ಟಿಕರ್ ಓಡಾಡ್ತಿದೆ, ಅದಕ್ಕೇನು ದಾರಿ? ‘ನನಗೂ ಹೀಗೇ ಆಗಿತ್ತು’ ಅನ್ನೋ ಕಥೆಗಳು ಬೇಡ ದಯವಿಟ್ಟು, ನಾಳೆ ಬೆಳಿಗ್ಗೆ ಬಳಸೋಕೆ ಆಗೋದು ಹೇಳಿ.

ಬಿಡುವಿನಗಂಟೆ ಉತ್ತರ:

ಅವನೂ ನಗ್ತಾನೆ ಅನ್ನೋದರಿಂದಲೇ ಶುರು ಮಾಡೋಣ, ಎಲ್ಲರೂ ಎಡವೋದು ಅಲ್ಲೇ. ಕಿರುಕುಳದ ಸಂಶೋಧನೆಗೆ ಅಡಿಪಾಯ ಹಾಕಿದ ಡಾನ್ ಓಲ್ವೇಯಸ್ ಮೂರು ಗುರುತು ಹೇಳಿದ್ದರು: ನೋಯಿಸುವ ವರ್ತನೆ, ಅದು ಮತ್ತೆ ಮತ್ತೆ ನಡೆಯೋದು, ಇಬ್ಬರ ನಡುವೆ ಬಲದ ಅಂತರ ಇರೋದು. ಗುರಿಯಾದವನು ಅತ್ತನೋ ನಕ್ಕನೋ ಅನ್ನೋದು ಇದರಲ್ಲಿ ಎಲ್ಲೂ ಇಲ್ಲ. ಮೂವತ್ತು ಜನ ನಗುವಾಗ ಒಬ್ಬ ನಗದೆ ಕೂತರೆ ‘ಅಯ್ಯೋ ಇಷ್ಟಕ್ಕೇ ಮುಖ ಊದಿಸ್ಕೊಂಡ’ ಅನ್ನೋ ಎರಡನೇ ಸುತ್ತು ಶುರುವಾಗುತ್ತೆ. ಆ ಎರಡನೇ ಸುತ್ತು ತಪ್ಪಿಸಿಕೊಳ್ಳೋಕೆ ಅವನು ಕೊಡುವ ಸುಂಕ ಆ ನಗು. ಅವನ ಬಾಯಿ ನೋಡೋದು ಬಿಟ್ಟು ಕೈ ನೋಡಿ: ನಗುತ್ತಲೇ ಅಂಗಿಯ ಅಂಚನ್ನ ಕೆಳಕ್ಕೆ ಎಳೀತಾನಾ? ಚೀಲ ತೊಡೆ ಮೇಲಿಟ್ಟು ಹೊಟ್ಟೆಗೆ ಅಡ್ಡ ಹಿಡೀತಾನಾ? ಹೆಸರು ಕೂಗೋ ಮೊದಲೇ ‘ಎಸ್’ ಅಂದು ಮುಗಿಸಿಬಿಡ್ತಾನಾ? ಊಟದ ಹೊತ್ತಲ್ಲಿ ಬೇರೆಯವರು ತಿಂದು ಮುಗಿಸೋವರೆಗೆ ಡಬ್ಬಿ ತೆಗೆಯೋದಿಲ್ಲವಾ? ಇನ್ನೊಂದು ಪರೀಕ್ಷೆ ಇದೆ. ತಮಾಷೆಯಾದರೆ ಮಾತು ಎರಡೂ ಕಡೆ ಓಡಾಡಬೇಕು, ಬೇಡ ಅಂದಾಗ ನಿಲ್ಲಬೇಕು. ಇಲ್ಲಿ ಅದು ಒಂದೇ ದಿಕ್ಕಿಗೆ ಹರೀತಿದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನೋದು ಸುಮ್ಮನೆ ಹುಟ್ಟಿದ ಗಾದೆಯಲ್ಲ.

ಕೈ ಕುಲುಕಿಸಿದ್ದು ಯಾಕೆ ಕೆಟ್ಟಿತು ಅಂದರೆ, ರಾಜಿ ಅನ್ನೋದು ಸಮಬಲರ ಜಗಳಕ್ಕೆ ಇರುವ ಮದ್ದು. ಇಲ್ಲಿ ಜಗಳವೇ ಇಲ್ಲ. ಒಬ್ಬ ಹೊಡೀತಿದ್ದಾನೆ, ಒಬ್ಬ ಏಟು ತಿನ್ನುತ್ತಿದ್ದಾನೆ. ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿದ ಕೂಡಲೇ ತಪ್ಪು ಅರ್ಧರ್ಧ ಹಂಚಿಹೋಯಿತು. ಕ್ಷಮಿಸಲೇಬೇಕಾದ ಹೊರೆ ಗುರಿಯಾದವನ ಮೇಲೆ ಬಿತ್ತು, ‘ಕಂಪ್ಲೇಂಟ್ ಕೊಟ್ಟ’ ಅನ್ನೋ ಹೊಸ ಕಾರಣವೂ ಸಿಕ್ಕಿತು. ಅದಕ್ಕೇ ಕಿರುಕುಳದ ವಿಷಯದಲ್ಲಿ ಇಬ್ಬರನ್ನೂ ಎದುರುಬದುರು ಕೂರಿಸಬೇಡಿ. ಮಕ್ಕಳನ್ನೇ ಮಧ್ಯಸ್ಥರನ್ನಾಗಿ ಮಾಡೋದೂ ಬೇಡ.

ಈಗ ಆ ಕ್ಷಣದ ಮಾತು. ಒಂದೇ ವಾಕ್ಯ, ದನಿ ಏರಿಸದೆ, ಕೂಗಿದವನ ಕಡೆ ತಿರುಗಿ: ‘ಈ ತರಗತಿಯಲ್ಲಿ ಯಾರ ಮೈ ಬಗ್ಗೆಯೂ ಹೆಸರಿಡೋ ಹಾಗಿಲ್ಲ. ಅವನ ಹೆಸರು ಇದು.’ ಹೆಸರು ಹೇಳಿ, ಹಾಜರಿ ಮುಂದುವರಿಸಿ. ಐದಾರು ಸೆಕೆಂಡು ಸಾಕು. ಭಾಷಣಕ್ಕೆ ಇಳಿದರೆ ಆ ಹುಡುಗ ಹತ್ತು ನಿಮಿಷ ಎಲ್ಲರ ಕಣ್ಣಿಗೆ ಒಡ್ಡಿಕೊಂಡು ಕೂರಬೇಕಾಗುತ್ತೆ. ‘ನಿನಗೆ ಬೇಜಾರಾಯ್ತಾ?’ ಅಂತ ಎಲ್ಲರೆದುರು ಅವನನ್ನ ಕೇಳಲೇಬೇಡಿ. ಇಲ್ಲ ಅನ್ನೋದು ಬಿಟ್ಟು ಬೇರೆ ಉತ್ತರ ಕೊಡೋಕೆ ಅವನಿಗೆ ಸಾಧ್ಯವೇ ಇಲ್ಲ, ಆ ‘ಇಲ್ಲ’ ಮುಂದೆ ಕೂಗಿದವನಿಗೆ ಸಾಕ್ಷಿಯಾಗುತ್ತೆ. ‘ಅವನೇನು ಅಷ್ಟು ದಪ್ಪ ಇಲ್ಲ’ ಅನ್ನೋದಂತೂ ಅನುಕಂಪದ ವೇಷದಲ್ಲಿರೋ ಇನ್ನೊಂದು ಏಟು. ನಿಜಕ್ಕೂ ದಪ್ಪಗಿದ್ದರೆ ಆಡಿಕೊಳ್ಳಬಹುದು ಅಂತ ಒಪ್ಪಿಕೊಂಡ ಹಾಗಾಯಿತಲ್ಲ.

ಆಮೇಲಿನ ಕೆಲಸ ಅದೇ ದಿನ, ಬೇರೆಬೇರೆಯಾಗಿ. ಮೊದಲು ಗುರಿಯಾದವನು. ಎಲ್ಲರೆದುರು ‘ಇಲ್ಲಿ ಬಾ’ ಅಂತ ಕರೆಯದೆ ಯಾವುದೋ ಕೆಲಸದ ನೆಪದಲ್ಲಿ ಕರೀರಿ. ‘ಇವತ್ತು ನಡೆದಿದ್ದನ್ನ ನಾನು ನೋಡಿದೆ. ಅದು ಸರಿಯಲ್ಲ. ನಾನು ಏನು ಮಾಡಿದರೆ ನಿನಗೆ ಅನುಕೂಲ, ಏನು ಮಾಡಬಾರದು?’ ಎರಡನೇ ಅರ್ಧ ಮುಖ್ಯ. ಯಾವುದರಿಂದ ತಿರುಗೇಟು ಬರುತ್ತೆ ಅನ್ನೋದು ಅವನಿಗೆ ನಿಮಗಿಂತ ಚೆನ್ನಾಗಿ ಗೊತ್ತು. ನಂತರ ಕೂಗಿದವನು, ಅವನೂ ಒಬ್ಬನೇ. ‘ಯಾಕೆ ಹಾಗಂದೆ?’ ಅಂತ ಕೇಳಿದರೆ ಸಿಗೋದು ‘ತಮಾಷೆಗೆ’ ಒಂದೇ. ಬದಲು ಕಂಡದ್ದನ್ನ ಹೇಳಿ: ‘ಈ ವಾರ ಮೂರು ಸಲ ಕೇಳಿಸಿಕೊಂಡೆ. ನಾಳೆಯಿಂದ ಅವನ ಹೆಸರಲ್ಲೇ ಕರೀತೀಯ. ಶುಕ್ರವಾರ ಮತ್ತೆ ಮಾತಾಡೋಣ.’ ಶುಕ್ರವಾರ ಮಾತಾಡೋದನ್ನ ಮರೆತರೆ ಇಷ್ಟೂ ನೀರಲ್ಲಿ ಹೋಮ. ಎರಡು ದಿನದ ಮೇಲೊಮ್ಮೆ, ಎರಡು ವಾರದ ಮೇಲೊಮ್ಮೆ, ತಿಂಗಳಾದ ಮೇಲೊಮ್ಮೆ ಗುರಿಯಾದವನನ್ನ ವಿಚಾರಿಸಿ. ಸದ್ದು ನಿಂತ ಮೇಲೂ ಗುಂಪಿನಿಂದ ಹೊರಗಿಡುವ ಮೌನ ಉಳಿದಿರಬಹುದು.

ಮೂರನೆಯದು ನಗುವ ಉಳಿದವರು, ನಿಜವಾದ ಬಲ ಇರೋದು ಇಲ್ಲೇ. ಫಿನ್ಲೆಂಡಿನ ಕ್ರಿಸ್ಟಿನಾ ಸಾಲ್ಮಿವಾಲ್ಲಿ ತಂಡ 1996ರಲ್ಲಿ ತರಗತಿಯ ಪಾತ್ರಗಳನ್ನ ವಿಂಗಡಿಸಿತ್ತು: ಕಾಡುವವನು, ಜೊತೆಗೂಡುವವರು, ನಕ್ಕು ಹುರಿದುಂಬಿಸುವವರು, ದೂರ ನಿಲ್ಲುವವರು, ಪರ ನಿಲ್ಲುವವರು. ಕಿರುಕುಳ ತಡೆಯುವ ಕಿವಾ ಅನ್ನೋ ಅಲ್ಲಿನ ಶಾಲಾ ಕಾರ್ಯಕ್ರಮ ನಿಂತಿರೋದೇ ಈ ತಿಳಿವಳಿಕೆಯ ಮೇಲೆ. 2001ರಲ್ಲಿ ಪ್ರಕಟವಾದ ಕೆನಡಾದ ಒಂದು ಅಧ್ಯಯನ ಆಟದ ಮೈದಾನಗಳನ್ನ ಕ್ಯಾಮೆರಾದಲ್ಲಿ ಹಿಡಿದು ನೋಡಿತು. 88 ಶೇಕಡಾ ಪ್ರಸಂಗಗಳಲ್ಲಿ ಬೇರೆ ಮಕ್ಕಳು ಅಲ್ಲೇ ಇದ್ದರು, ಆದರೆ ಯಾರಾದರೂ ಮಧ್ಯೆ ಬಂದದ್ದು 19 ಶೇಕಡಾದಲ್ಲಿ ಮಾತ್ರ. ಹಾಗೆ ಬಂದಾಗ 57 ಶೇಕಡಾ ಸಲ ಹತ್ತು ಸೆಕೆಂಡಿನೊಳಗೆ ಕಿರುಕುಳ ನಿಂತಿತ್ತು. ಹಾಗಾಗಿ ತರಗತಿಗೆ ಕಲಿಸಬೇಕಾದ್ದು ಶೌರ್ಯ ಅಲ್ಲ, ಸಣ್ಣ ಸಣ್ಣ ಕೆಲಸ: ನಗದೇ ಇರೋದು, ಮಾತು ತಿರುಗಿಸೋದು, ‘ಬಾ ಇಲ್ಲಿ ಕೂತ್ಕೋ’ ಅನ್ನೋದು, ಆಮೇಲೆ ದೊಡ್ಡವರಿಗೆ ತಿಳಿಸೋದು. ಇಷ್ಟು ಮಾಡೋಕೆ ಯಾರೂ ವೀರರಾಗಬೇಕಿಲ್ಲ. ತರಗತಿಯಲ್ಲಿ ಎಲ್ಲರೂ ಇಷ್ಟಪಡುವ ಮಕ್ಕಳನ್ನ ಇಬ್ಬರು ಮೂವರನ್ನ ಬೇರೆಯಾಗಿ ಕರೆದು ಇದನ್ನ ಹೇಳಿದರೆ ಬೇಗ ನಾಟುತ್ತೆ.

ಕ್ಲಿನಿಕ್‌ಸಂಜೆ ಉತ್ತರ:

‘ಅಂದ್ರಾದ್ರೂ ಇಳಿಸ್ತಾನೆ’ ಅನ್ನೋದಕ್ಕೆ ನೇರ ಉತ್ತರ: ಇಲ್ಲ, ಫಲ ಉಲ್ಟಾ. ಅಮೆರಿಕದ 6,157 ವಯಸ್ಕರನ್ನ 2006ರಿಂದ 2010ರವರೆಗೆ ಹಿಂಬಾಲಿಸಿದ ಅಧ್ಯಯನ ಒಂದಿದೆ. ಶುರುವಿನಲ್ಲಿ ಬೊಜ್ಜು ಇರದವರಲ್ಲಿ, ತೂಕದ ಕಾರಣಕ್ಕೆ ತಾರತಮ್ಯ ಅನುಭವಿಸಿದವರು ನಾಲ್ಕು ವರ್ಷದಲ್ಲಿ ಬೊಜ್ಜಿನ ಮಟ್ಟ ತಲುಪುವ ಸಾಧ್ಯತೆ ಉಳಿದವರಿಗಿಂತ ಸುಮಾರು ಎರಡೂವರೆ ಪಟ್ಟು ಇತ್ತು. ಹದಿಹರೆಯದವರ ವಿಷಯಕ್ಕೆ ಬಂದರೆ, ಅಮೆರಿಕದ ಮಿನ್ನೆಸೋಟಾದಲ್ಲಿ ನಡೆದ ಪ್ರಾಜೆಕ್ಟ್ ಈಟ್ ಅನ್ನೋ ಅಧ್ಯಯನ ಮಕ್ಕಳನ್ನ 15 ವರ್ಷ ಹಿಂಬಾಲಿಸಿ, ತೂಕಕ್ಕಾಗಿ ರೇಗಿಸಿಕೊಂಡವರು ಮುಂದೆ ಹೆಚ್ಚು ತೂಕದವರಾಗುವುದನ್ನ ಕಂಡಿತು. ಹೆಣ್ಣುಮಕ್ಕಳಲ್ಲಿ ಲಗಾಮಿಲ್ಲದೆ ತಿನ್ನುವುದೂ ತೂಕ ಇಳಿಸಲು ಅಡ್ಡದಾರಿ ಹಿಡಿಯುವುದೂ ಜಾಸ್ತಿ ಇತ್ತು. ಹೆಣ್ಣುಮಕ್ಕಳಲ್ಲಿ ರೇಗಿಸಿದವರು ಮನೆಯವರಾದರೂ ಫಲ ಬದಲಾಗಲಿಲ್ಲ. ಗಂಡುಮಕ್ಕಳಲ್ಲಿ ತೂಕ ಏರಿಕೆಯ ನಂಟು ಕಂಡದ್ದು ಓರಗೆಯವರು ರೇಗಿಸಿದಾಗ ಮಾತ್ರ. ಇದನ್ನ ಮನೆಯವರಿಗೆ ಹೇಳಿ.

ಯಾಕೆ ಹೀಗೆ? ಅವಮಾನ ಅನ್ನೋದು ದೇಹಕ್ಕೆ ಒತ್ತಡ, ಕಾರ್ಟಿಸಾಲ್ ಅನ್ನೋ ಒತ್ತಡದ ಹಾರ್ಮೋನು ಏರುತ್ತೆ, ಸಿಹಿ-ಕೊಬ್ಬಿನ ಕಡೆ ಮನಸ್ಸು ಎಳೆಯುತ್ತೆ. ಅದು ಒಂದು ಪದರ. ಅದಕ್ಕಿಂತ ಸರಳವಾದ ಪದರ ಆಟದ ಮೈದಾನದಲ್ಲಿದೆ. ಓಡಿದರೆ ಮೈ ಅಲುಗುತ್ತೆ, ಅಲುಗಿದರೆ ನಗ್ತಾರೆ, ಹಾಗಾಗಿ ಆಟದ ಪೀರಿಯಡ್ಡಿಗೆ ಹೊಟ್ಟೆನೋವು. ತಂಡ ಆರಿಸುವಾಗ ಕೊನೆಗೆ ಉಳಿಯುವವನೂ ಅವನೇ (ಇಬ್ಬರು ನಾಯಕರು ಸರದಿಯಲ್ಲಿ ಆರಿಸುವ ಪದ್ಧತಿಯನ್ನೇ ಬಿಟ್ಟುಬಿಡಿ, ಚೀಟಿ ಎತ್ತಿ). ಮೂರನೇ ಪದರ ಊಟ ಬಿಡೋದು. ಬೆಳಿಗ್ಗೆ, ಮಧ್ಯಾಹ್ನ ತಿನ್ನದೆ ಇದ್ದು ರಾತ್ರಿ ಬಾಗಿಲು ಹಾಕಿಕೊಂಡು ಸಿಕ್ಕಿದ್ದೆಲ್ಲ ತಿನ್ನೋದು. ಇದು ಮನಸ್ಸಿನ ದೌರ್ಬಲ್ಯ ಅಂತ ಹೇಳುವವರು 1944–45ರ ಮಿನ್ನೆಸೋಟಾ ಉಪವಾಸ ಪ್ರಯೋಗ ನೆನಪಿಸಿಕೊಳ್ಳಬೇಕು. 36 ಆರೋಗ್ಯವಂತ ಗಂಡಸರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟಾಗ ತೂಕದ ಕಾಲು ಭಾಗದಷ್ಟು ಇಳಿಯಿತು. ಜೊತೆಗೆ ಇಡೀ ದಿನ ಊಟದ್ದೇ ಧ್ಯಾನ, ಖಿನ್ನತೆ, ಸಿಡುಕು. ಊಟ ಮತ್ತೆ ಸಿಕ್ಕಾಗ ಕೆಲವರಿಗೆ ನಿಲ್ಲಿಸೋಕೇ ಆಗುತ್ತಿರಲಿಲ್ಲ.

ತೂಕ ಬರೀ ಹಟದ ಪ್ರಶ್ನೆಯಲ್ಲ. ಅವಳಿಗಳ ಅಧ್ಯಯನಗಳ ಪ್ರಕಾರ ಬಿಎಂಐ (ಎತ್ತರಕ್ಕೆ ತಕ್ಕಂತೆ ತೂಕ ಅಳೆಯುವ ಅಂಕಿ) ವ್ಯತ್ಯಾಸದ 40ರಿಂದ 70 ಶೇಕಡಾ ವಂಶವಾಹಿಗಳಿಗೆ ಸೇರಿದ್ದು. ಥೈರಾಯ್ಡ್ ಕೊರತೆ, ಹೆಣ್ಣುಮಕ್ಕಳ ಹಾರ್ಮೋನು ತೊಂದರೆಯಾದ ಪಿಸಿಒಎಸ್, ಆಸ್ತಮಾ ಅಥವಾ ಕಿಡ್ನಿ ತೊಂದರೆಗೆ ಬಾಯಿಂದ ಕೊಡುವ ಸ್ಟೀರಾಯ್ಡ್, ಮೂರ್ಛೆರೋಗದ ಔಷಧ ವಾಲ್ಪ್ರೊಯೇಟ್, ಮಾನಸಿಕ ಕಾಯಿಲೆಯ ಔಷಧ ಒಲಾನ್ಜಪೀನ್ ಇವೆಲ್ಲ ತೂಕ ಏರಿಸುತ್ತವೆ. ಯಾರ ಚೀಲದಲ್ಲಿ ಯಾವ ಮಾತ್ರೆ ಇದೆ ಅಂತ ಹಿಂದಿನ ಬೆಂಚಿಗೆ ಗೊತ್ತಿರೋದಿಲ್ಲ. ಇನ್ನು ಈ ವಯಸ್ಸೇ ಅಂಥದ್ದು: ವಯಸ್ಕ ತೂಕದ ಸರಿಸುಮಾರು ಅರ್ಧ ಸೇರುವುದು ಹದಿಹರೆಯದಲ್ಲೇ. ಎತ್ತರ ಚಿಗುರುವ ಮೊದಲು ಮೈ ತುಂಬಿಕೊಳ್ಳುವುದು ಸಹಜ. 25, 30 ಅನ್ನೋ ವಯಸ್ಕರ ಬಿಎಂಐ ಗೆರೆಗಳನ್ನ ಮಕ್ಕಳಿಗೆ ಹಾಕೋದು ತಪ್ಪು. ಅವರಿಗೆ ವಯಸ್ಸು-ಲಿಂಗದ ಬೆಳವಣಿಗೆ ಪಟ್ಟಿ ಇದೆ, ಅದನ್ನ ಓದಬೇಕಾದವರು ವೈದ್ಯರು.

ಶಾಲೆಯಲ್ಲಿ ತೂಕ ನೋಡುವುದಿದ್ದರೆ ಒಬ್ಬೊಬ್ಬರನ್ನೇ, ಪರದೆಯ ಹಿಂದೆ. ಅಂಕಿಯನ್ನ ಕೂಗಿ ಬರೆಸುವ ಪದ್ಧತಿ ಇಂದೇ ನಿಲ್ಲಲಿ. ಒಬ್ಬರು ‘ಅರವತ್ತೆರಡು!’ ಅಂತ ಕೂಗಿ ಇನ್ನೊಬ್ಬರು ಬರೆದುಕೊಳ್ಳುವಷ್ಟರಲ್ಲಿ ಸಾಲಿನಲ್ಲಿದ್ದವರಿಗೆ ಹೊಸ ಅಡ್ಡಹೆಸರು ಸಿಕ್ಕಿರುತ್ತೆ. ಕ್ಯಾಲಿಫೋರ್ನಿಯಾದ 79 ಶಾಲೆಗಳಲ್ಲಿ, ಮಕ್ಕಳ ಬಿಎಂಐಯನ್ನ ಮನೆಗೆ ಬರೆದು ಕಳಿಸಿದರೆ ಏನಾಗುತ್ತೆ ಅಂತ ಪರೀಕ್ಷಿಸಿದ್ದರು. ತೂಕದಲ್ಲಿ ಸುಧಾರಣೆ ಕಾಣಲಿಲ್ಲ. ಶಾಲೆಯಲ್ಲಿ ತೂಗಿದ ಮಕ್ಕಳಲ್ಲಿ ತಮ್ಮ ಮೈ ಬಗ್ಗೆ ಅತೃಪ್ತಿ ಮಾತ್ರ ಹೆಚ್ಚಿತು.

ತೂಕದ ಹೆದರಿಕೆಗೆ ಊಟ ಬಿಡೋದು, ತಿಂದದ್ದನ್ನ ವಾಂತಿ ಮಾಡೋದು ಈಟಿಂಗ್ ಡಿಸಾರ್ಡರ್ ಅನ್ನೋ ಕಾಯಿಲೆಯಾಗಬಹುದು. ಈಗ ಎಲ್ಲರೂ ನೋಡಿಟ್ಟುಕೊಳ್ಳಬೇಕಾದ ಅದರ ಅಪಾಯದ ಗುರುತುಗಳು. ಬೆಳೆಯುವ ಮಗುವಿನ ತೂಕ ಇಳಿಯುವುದು, ಅಥವಾ ಏರಬೇಕಾದಾಗ ನಿಂತುಬಿಡುವುದು. ಊಟ ಆದ ಕೂಡಲೇ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಳ್ಳುವುದು. ಬೆರಳಗಂಟಿನ ಮೇಲೆ ಒರಟು ಗಾಯದ ಗುರುತು, ಕಿವಿಯ ಕೆಳಗೆ ಕೆನ್ನೆ ಊದಿಕೊಳ್ಳುವುದು, ಹಲ್ಲಿನ ಹೊಳಪು ಸವೆಯುವುದು. ಸೆಕೆಯಲ್ಲೂ ಚಳಿ, ತೋಳಿನ ಮೇಲೆ ನವಿರು ಕೂದಲು, ನಿಂತರೆ ತಲೆಸುತ್ತು, ಮುಟ್ಟು ಮೂರು ತಿಂಗಳು ನಿಲ್ಲುವುದು. ಎಚ್ಚರ ಇದ್ದಾಗಲೇ ನಾಡಿ ನಿಮಿಷಕ್ಕೆ 50ಕ್ಕಿಂತ ಕಡಿಮೆಯಾದರೆ ಅದೇ ದಿನ ಆಸ್ಪತ್ರೆ. ವಾಂತಿಯಿಂದ ರಕ್ತದಲ್ಲಿನ ಪೊಟ್ಯಾಶಿಯಂ ಅನ್ನೋ ಲವಣ ಕುಸಿದರೆ ಹೃದಯದ ಲಯವೇ ತಪ್ಪುತ್ತೆ. ಒಂದು ಮಾತು ಒತ್ತಿ ಹೇಳ್ತೀನಿ: ಇದೆಲ್ಲ ಕಡ್ಡಿಯಂತಿರುವವರಿಗೆ ಮಾತ್ರ ಬರೋದಲ್ಲ. ದಪ್ಪಗಿದ್ದ ಹುಡುಗ ನಾಲ್ಕು ತಿಂಗಳಲ್ಲಿ ಸೊರಗಿದರೆ ಎಲ್ಲರೂ ‘ಭೇಷ್, ಚೆನ್ನಾಗಿ ಕಾಣ್ತೀಯ’ ಅಂತಾರೆ. ಕಾಯಿಲೆಗೆ ಅದಕ್ಕಿಂತ ಒಳ್ಳೆ ಗೊಬ್ಬರ ಇಲ್ಲ. ನೋಡಲು ಸಾಮಾನ್ಯ ತೂಕದಲ್ಲೇ ಇದ್ದರೂ ನಾಡಿ, ರಕ್ತದ ಲವಣಗಳು ಕೆಟ್ಟಿರಬಹುದು.

ನೇರಮಾತು ಉತ್ತರ:

ಎಲ್ಲ ಸರಿ, ಆದರೆ ಬೊಜ್ಜಿನಿಂದ ಸಕ್ಕರೆ ಕಾಯಿಲೆ, ಬಿಪಿ ಬರುತ್ತೆ ಅನ್ನೋದೂ ಸತ್ಯ ತಾನೇ? ಮನಸ್ಸಿಗೆ ನೋವಾಗುತ್ತೆ ಅಂತ ಆರೋಗ್ಯದ ಮಾತೇ ಎತ್ತಬಾರದು ಅಂದ್ರೆ ಹೇಗೆ?

ಕ್ಲಿನಿಕ್‌ಸಂಜೆ ಉತ್ತರ:

ಎತ್ತಬೇಕು. ಯಾರು, ಎಲ್ಲಿ, ಹೇಗೆ ಅನ್ನೋದಷ್ಟೇ ಪ್ರಶ್ನೆ. ಮುಚ್ಚಿದ ಬಾಗಿಲ ಹಿಂದೆ ವೈದ್ಯರು ಮೊದಲು ಅನುಮತಿ ಕೇಳಬೇಕು: ‘ನಿನ್ನ ತೂಕದ ಬಗ್ಗೆ ಇವತ್ತು ಮಾತಾಡಬಹುದಾ?’ ಬೇಡ ಅಂದರೆ ಇನ್ನೊಂದು ದಿನ. ಮಾತು ಮಾಪನದ್ದಾಗಿರಲಿ: ರಕ್ತದೊತ್ತಡ, ಸಕ್ಕರೆ, ನಿದ್ದೆಯಲ್ಲಿ ಗೊರಕೆ, ಮಂಡಿನೋವು. ಮನೆಯಲ್ಲಿ ಬದಲಾವಣೆ ಮಾಡುವುದಿದ್ದರೆ ಇಡೀ ಮನೆಗೆ. ಒಬ್ಬನ ತಟ್ಟೆಯಿಂದ ಮಾತ್ರ ತೆಗೆದು ತಮ್ಮನಿಗೆ ಬಡಿಸಿದರೆ ಅದು ಚಿಕಿತ್ಸೆಯಲ್ಲ, ಶಿಕ್ಷೆ. ಗುರಿಯೂ ತೂಕದ ಅಂಕಿಯಾಗದೆ ನಡವಳಿಕೆಯಾಗಲಿ: ದಿನಕ್ಕೆ ಒಂದು ಗಂಟೆ ಆಟ, 13 ದಾಟಿದವರಿಗೆ 8ರಿಂದ 10 ಗಂಟೆ ನಿದ್ದೆ, ಸಕ್ಕರೆ ಪಾನೀಯದ ಬದಲು ನೀರು. ನೆಂಟರು, ಸಹಪಾಠಿಗಳು, ಹಾದಿಬೀದಿಯವರು ‘ನಿನ್ನ ಒಳ್ಳೇದಕ್ಕೇ ಹೇಳಿದ್ದು’ ಅನ್ನೋದರಲ್ಲಿ ಒಂದು ಹೊಸ ಮಾಹಿತಿಯೂ ಇರಲ್ಲ. ತಾನು ದಪ್ಪಗಿದ್ದೇನೆ ಅನ್ನೋದು ಆ ಮಗುವಿಗೆ ಈಗಾಗಲೇ ಗೊತ್ತು, ದಿನಕ್ಕೆ ಎಂಟು ಸಲ ಹೇಳಿದ್ದಾರೆ.

ಸ್ಕ್ರೀನ್‌ಶಾಟ್ ಉತ್ತರ:

ಗುಂಪಿನ ವಿಷಯ. ಮೊದಲ ತಪ್ಪು, ಕೋಪದಲ್ಲಿ ಎಲ್ಲವನ್ನೂ ಅಳಿಸಿಹಾಕೋದು. ಅಳಿಸುವ ಮುನ್ನ ಹಿಡಿದಿಡಿ: ಗುಂಪಿನ ಹೆಸರು, ಕಳಿಸಿದವರ ಸಂಖ್ಯೆ, ದಿನ, ಸಮಯ ಒಂದೇ ಚಿತ್ರದಲ್ಲಿ ಕಾಣಬೇಕು. ಕತ್ತರಿಸಬೇಡಿ, ಮೇಲೆ ಕೆಳಗಿನ ಎರಡು ಸಂದೇಶವೂ ಇರಲಿ, ಇಲ್ಲದಿದ್ದರೆ ‘ಸಂದರ್ಭವೇ ಬೇರೆ’ ಅನ್ನೋ ವಾದ ಬರುತ್ತೆ. ಸದಸ್ಯರ ಪಟ್ಟಿಯ ಚಿತ್ರವೂ ಬೇಕು, ಗುಂಪಿನಿಂದ ಹೊರಬಿದ್ದ ಮೇಲೆ ಅದು ಸುಲಭಕ್ಕೆ ಸಿಗಲ್ಲ. ತಾನಾಗಿ ಅಳಿಯುವ ಸಂದೇಶ ಚಾಲೂ ಇದ್ದರೆ ಅದೇ ಹೊತ್ತಿಗೆ ತೆಗೆದಿಡಿ. ಆಮೇಲೆ ಅಡ್ಮಿನ್‌ಗೆ ಹೇಳಿ ‘ಎಲ್ಲರಿಗೂ ಅಳಿಸು’ ಮಾಡಿಸಿ.

ಸ್ಟಿಕರ್ ಹಠಮಾರಿ. ಗುಂಪಿನಿಂದ ಅಳಿಸಿದರೂ ಒಮ್ಮೆ ಉಳಿಸಿಕೊಂಡವರ ಫೋನಿನಲ್ಲಿ ಅದು ಇದ್ದೇ ಇರುತ್ತೆ, ಒಬ್ಬೊಬ್ಬರೂ ತಮ್ಮ ಕೈಯಾರೆ ತೆಗೆಯಬೇಕು. ಹಾಗಾಗಿ ‘ಗುಂಪಿನಲ್ಲಿ ಅಳಿಸಿಸಿದೆವು’ ಅಂತ ಕಡತ ಮುಚ್ಚಬೇಡಿ. ರಿಪೋರ್ಟ್ ಒತ್ತಿದರೆ ಕೊನೆಯ ಐದು ಸಂದೇಶಗಳು ವಾಟ್ಸಾಪ್‌ಗೆ ಹೋಗುತ್ತವೆ, ಹಾಗಾಗಿ ತಡಮಾಡಬಾರದು. ಆ ಹುಡುಗನ ಕೈಯಿಂದ ಫೋನ್ ಕಿತ್ತುಕೊಳ್ಳೋದು ಮಾತ್ರ ಬೇಡ. ಫೋನ್ ಹೋಗುತ್ತೆ ಅನ್ನೋ ಹೆದರಿಕೆಗೇ ಎಷ್ಟೋ ಮಕ್ಕಳು ಬಾಯಿ ಬಿಡಲ್ಲ.

ಒಂದು ಗೆರೆ: ಬಟ್ಟೆ ಬದಲಿಸುವಾಗ ತೆಗೆದ, ಮೈ ಕಾಣುವ ಫೋಟೋ ಆಗಿದ್ದರೆ ಸ್ಕ್ರೀನ್‌ಶಾಟ್ ತೆಗೆಯಲೇಬೇಡಿ, ಸಾಕ್ಷಿಗೆ ಅಂತಲೂ ಯಾರಿಗೂ ಕಳಿಸಬೇಡಿ. ಅಪ್ರಾಪ್ತರ ಅಂಥ ಚಿತ್ರ ಇಟ್ಟುಕೊಳ್ಳೋದು, ಹಂಚೋದು ಬಹುತೇಕ ದೇಶಗಳಲ್ಲಿ ಅಪರಾಧ. ಯಾರು, ಯಾವಾಗ, ಯಾವ ಗುಂಪು ಅನ್ನೋದನ್ನ ಬರೆದುಕೊಂಡು ನೇರ ಪೊಲೀಸರಿಗೆ ಒಪ್ಪಿಸಿ. ಅಪ್ರಾಪ್ತರ ಅಂಥ ಚಿತ್ರ ಜಾಲತಾಣಗಳಲ್ಲಿ ಹರಡದಂತೆ ತಡೆಯೋಕೆ ‘ಟೇಕ್ ಇಟ್ ಡೌನ್’ ಅನ್ನೋ ಉಚಿತ ಸೇವೆ ಇದೆ, ಫೋಟೋ ನಿಮ್ಮ ಫೋನ್ ಬಿಟ್ಟು ಹೋಗದೆ ಅದರ ಡಿಜಿಟಲ್ ಬೆರಳಚ್ಚು ಮಾತ್ರ ಅವರಿಗೆ ತಲುಪುತ್ತೆ. ಆದರೆ ವಾಟ್ಸಾಪ್‌ನಂಥ ಗೂಢಲಿಪಿಯ ಖಾಸಗಿ ಚಾಟ್‌ಗಳೊಳಗೆ ಅದು ಕೆಲಸ ಮಾಡಲ್ಲ.

ಕನ್ನಡಿಬೆನ್ನು ಉತ್ತರ:

ಒಂದು ಸೇರ್ಪಡೆ. ನಿಯಮ ಬರೆಯುವಾಗ ‘ದಪ್ಪ’ ಒಂದಕ್ಕೇ ಕಟ್ಟಿಹಾಕಬೇಡಿ. ‘ಕಡ್ಡಿ ಪೈಲ್ವಾನ್’, ‘ಕುಳ್ಳ’, ‘ಕರಿಯ’, ‘ಹಲ್ಲುಬ್ಬ’, ಮೊಡವೆ, ತೊನ್ನು, ತಲೆಗೂದಲು ಉದುರಿದ ಜಾಗ, ಎಲ್ಲದರ ಪೆಟ್ಟೂ ಒಂದೇ ಕಡೆ ಬೀಳುತ್ತೆ. ಸಣಕಲ ಹುಡುಗರ ವಿಷಯ ಯಾರೂ ಮಾತಾಡಲ್ಲ. ಮೈ ಬೆಳೆಸೋ ಹುಚ್ಚಿಗೆ ಬಿದ್ದು ಹೆಸರಿಲ್ಲದ ಪುಡಿ, ಚುಚ್ಚುಮದ್ದು ಅಂತ ಹೋಗೋದು ಅವರೇ.

ಕೆಲವರಲ್ಲಿ ಇದು ದೇಹರೂಪದ ಗೀಳು ಅನ್ನೋ ಕಾಯಿಲೆಯಾಗಿ ಕೂರುತ್ತೆ. ಬಹುಪಾಲು ಹದಿಹರೆಯದಲ್ಲೇ ಶುರು, ವಯಸ್ಕರಲ್ಲಿ ನೂರಕ್ಕೆ ಸುಮಾರು ಇಬ್ಬರಿಗೆ ಇರುತ್ತೆ. ಬೇರೆಯವರಿಗೆ ಕಾಣದ ಅಥವಾ ಕಂಡೂ ಕಾಣದಂತಿರುವ ‘ಕೊರತೆ’ಯ ಚಿಂತೆಯಲ್ಲೇ ದಿನಕ್ಕೆ ಗಂಟೆಗಟ್ಟಲೆ ಹೋಗುತ್ತೆ. ಕನ್ನಡಿ ಬಿಟ್ಟು ಬರಲ್ಲ, ಇಲ್ಲವೇ ಕನ್ನಡಿಯ ಹತ್ತಿರವೇ ಸುಳಿಯಲ್ಲ. ‘ನೀನು ಚೆನ್ನಾಗೇ ಇದ್ದೀಯ’ ಅಂತ ನೂರು ಸಲ ಹೇಳಿದರೂ ಐದು ನಿಮಿಷಕ್ಕೆ ಮತ್ತೆ ಕೇಳ್ತಾರೆ. ಇದಕ್ಕೆ ಯೋಚನೆ-ನಡವಳಿಕೆ ತಿದ್ದುವ ಸಿಬಿಟಿ ಮಾತುಚಿಕಿತ್ಸೆ, ಖಿನ್ನತೆಗೂ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಔಷಧ ಕೆಲಸ ಮಾಡುತ್ತವೆ. ಮೂಗು, ಚರ್ಮ ಸರಿಪಡಿಸುವ ಆಪರೇಷನ್‌ನಿಂದ ಗೀಳು ಹೋಗೋದು ಅಪರೂಪ.

ಹಾಜರಿಪುಸ್ತಕ ಉತ್ತರ:

ಕೈ ಕುಲುಕಿಸೋದು ಯಾಕೆ ತಿರುಗಿಬಿತ್ತು ಅಂತ ಈಗ ಗೊತ್ತಾಯಿತು. ಒಂದೇ ಒಂದು ಉಳಿದಿದೆ. ಇತ್ತೀಚೆಗೆ ಆ ಹುಡುಗ ‘ನಾನಿಲ್ಲದಿದ್ರೆ ಎಲ್ಲರಿಗೂ ಆರಾಮ’ ಅಂತ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿದ್ದಾನೆ. ಇದನ್ನ ಎಷ್ಟು ಗಂಭೀರವಾಗಿ ತಗೋಬೇಕು? ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತಾ?

ಬಿಡುವಿನಗಂಟೆ ಉತ್ತರ:

ಇದನ್ನ ಮೊದಲ ಸಾಲಲ್ಲೇ ಬರೆಯಬೇಕಿತ್ತು. ಉಳಿದದ್ದೆಲ್ಲ ನಾಳೆ, ಇದು ಇವತ್ತು.

ಕೇಳಿದರೆ ಯೋಚನೆ ಹುಟ್ಟಲ್ಲ, ಹಾಗೆ ಆಗುತ್ತೆ ಅನ್ನೋದಕ್ಕೆ ಆಧಾರವಿಲ್ಲ. ನೇರ ಪದಗಳಲ್ಲೇ ಕೇಳಿ: ‘ನೀನು ಬರೆದದ್ದು ಓದಿದೆ. ಸಾಯಬೇಕು ಅಂತ ಅನ್ನಿಸ್ತಿದೆಯಾ?’ ‘ಹಾಗೇನೂ ಯೋಚಿಸ್ತಿಲ್ಲ ತಾನೇ?’ ಅಂತ ಕೇಳಿದರೆ ಇಲ್ಲ ಅನ್ನಿಸಿಕೊಳ್ಳೋಕೇ ಕೇಳಿದ ಹಾಗೆ. ಹೌದು ಅಂದರೆ ಹೇಗೆ ಅಂತ ಯೋಚಿಸಿದ್ದಾನಾ, ಅದಕ್ಕೆ ಬೇಕಾದದ್ದು ಕೈಗೆ ಸಿಗುವಂತಿದೆಯಾ, ಯಾವಾಗ ಅಂತ ಇದೆಯಾ, ಹಿಂದೆ ಪ್ರಯತ್ನ ಮಾಡಿದ್ದನಾ, ಇಷ್ಟು ತಿಳಿದುಕೊಳ್ಳಿ. ಗುಟ್ಟಾಗಿಡ್ತೀನಿ ಅಂತ ಮಾತು ಕೊಡಬೇಡಿ. ‘ನಿನ್ನ ಜೀವಕ್ಕೆ ಅಪಾಯ ಅನ್ನಿಸಿದರೆ ಸಹಾಯ ಮಾಡುವವರಿಗೆ ಹೇಳಲೇಬೇಕು, ಯಾರಿಗೆ ಹೇಳಬೇಕು ಅಂತ ಇಬ್ಬರೂ ಸೇರಿ ನೋಡೋಣ’ ಅನ್ನಿ.

ಯೋಜನೆ ಇದೆ ಅಂದರೆ ಒಬ್ಬನನ್ನೇ ಬಿಡಬೇಡಿ, ಬಚ್ಚಲಿಗೂ. ಮನೆಯವರನ್ನ ಶಾಲೆಗೇ ಕರೆಸಿ, ಅವರ ಕೈಗೆ ಒಪ್ಪಿಸಿ, ಅಲ್ಲಿಂದ ನೇರ ಆಸ್ಪತ್ರೆಗೆ. ಮನೆಯಲ್ಲಿರೋ ಮಾತ್ರೆ, ಕೀಟನಾಶಕ, ಹಗ್ಗ ಬೀಗದೊಳಗೆ ಹೋಗಬೇಕು. ಯೋಜನೆ ಇಲ್ಲ ಅಂದರೂ ಇವತ್ತೇ ಮನೆಯವರಿಗೆ ತಿಳಿಸಿ, ಒಂದೆರಡು ದಿನದೊಳಗೆ ಮಾನಸಿಕ ತಜ್ಞರಿಗೆ ತೋರಿಸಿ. ತೂಕದ ಮಾತಾಡೋದು ಮನೆಯವರೂ ಆಗಿರೋದರಿಂದ ಅವರಿಗೆ ಹೀಗೆ ಹೇಳಿ: ‘ಇವತ್ತಿನಿಂದ ಮನೆಯಲ್ಲಿ ಯಾರೂ ಇವನ ಮೈ ಬಗ್ಗೆ ಮಾತಾಡೋ ಹಾಗಿಲ್ಲ, ಹೊಗಳಿಕೆಯೂ ಬೇಡ.’ ಆ ಪುಟ ಹರಿಯಬೇಡಿ, ವೈದ್ಯರಿಗೆ ತೋರಿಸಬೇಕು.

ಈಗ ಲಾಗೌಟ್ ಆಗಿ ಅವನನ್ನ ಕರೀರಿ.